ಚೌಡಿಕೆಗೆ ಯಾವ ಕಿಂಡಿ?

ಹಳ್ಳಿ ಕಡೆಯ ಮೈಕ್‌ಸೆಟ್ಟಿನವರ ಪೆಟ್ಟಿಗೆ ತೆರೆದರೆ ಒಂದು ಬಗೆಯ ತಂತಿ ಸಿಕ್ಕೇ ಸಿಗುತ್ತದೆ. ಅದರ ಒಂದು ತುದಿಯಲ್ಲಿ ಮೈಕಿಗೆ ಕೂರುವ ಮೂರು ತೂತಿನ ಕ್ಯಾನನ್ ಪಿನ್ನು, ಇನ್ನೊಂದು ತುದಿಯಲ್ಲಿ ಆಂಪ್ಲಿಫೈಯರಿಗೆ ಚುಚ್ಚುವ ದಪ್ಪನೆಯ ಪಿ-38. ಊರ ಹಬ್ಬ, ಬಯಲಾಟ, ಮದುವೆ, ಭಜನೆ ಎಲ್ಲಕ್ಕೂ ಈ ತಂತಿ ವರ್ಷಗಟ್ಟಲೆ ದುಡಿದಿದೆ. ಹಾಡನ್ನು ಬಯಲಿನ ತುಂಬ ಕೇಳಿಸುವುದಕ್ಕೆ ಅದು ಸಾಕು. ಅದೇ ತಂತಿಯನ್ನು ಲ್ಯಾಪ್‌ಟಾಪಿನ ಪಕ್ಕದ ಆಡಿಯೊ ಇಂಟರ್‌ಫೇಸ್‌ಗೆ ಚುಚ್ಚಿದಾಗ ಮಾತ್ರ ಹಾಡುವವರ ದನಿ ಬಾವಿಯೊಳಗಿಂದ ಬಂದ ಹಾಗಾಗುತ್ತದೆ. ಎಲ್ಲರೂ ಮೈಕನ್ನು ಬೈಯುತ್ತಾರೆ. ತಪ್ಪು ಮೈಕಿನದಲ್ಲ, ತಂತಿ ಚುಚ್ಚಿದ ಕಿಂಡಿಯದು.

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರೆಗಿನ ಈ ಸೀಮೆ ಹಾಡಿಗೂ ಆಟಕ್ಕೂ ಹೆಸರಾದದ್ದು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಬದುಕು ಕಟ್ಟಿಕೊಂಡ ಜೋಗತಿ ಕಲೆಯ ಜೀವವಾದ್ಯ ಚೌಡಿಕೆ. ಪಕ್ಕದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ದಿನಗಟ್ಟಲೆ ಹಾಡುವಷ್ಟು ಬುರ್ರಕಥೆಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಅವರು 2014ರಲ್ಲಿ ತೀರಿಕೊಂಡರು. ಅಂಥವರ ಪದಗಳನ್ನು ಅಚ್ಚು ಮಾಡಬಹುದು, ಉಸಿರನ್ನು ಅಚ್ಚು ಮಾಡಲಾಗದು. ದನಿ ಉಳಿಯಬೇಕಾದರೆ ಅದನ್ನು ಸರಿಯಾಗಿ ಹಿಡಿದಿಡಬೇಕು. ಈಗ ಊರಿನವರೇ ತಮ್ಮ ಹಾಡನ್ನು ಹಿಡಿದಿಡಬಹುದಾದ ಕಾಲ ಬಂದಿದೆ, ಅದಕ್ಕೆ ಬೇಕಾದ ಇಂಟರ್‌ಫೇಸ್ ಪೆಟ್ಟಿಗೆ ಒಂದು ಊಟದ ಡಬ್ಬಿಗಿಂತ ದೊಡ್ಡದೇನಲ್ಲ.

ಆ ಪೆಟ್ಟಿಗೆ ಮಾಡುವ ಕೆಲಸ ಎರಡು. ಬಂದ ವಿದ್ಯುತ್ ಅಲೆಯನ್ನು ಬೇಕಾದಷ್ಟು ಹಿಗ್ಗಿಸುವುದು ಒಂದು, ಅದನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕಳಿಸುವುದು ಇನ್ನೊಂದು. 48 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಸೆಕೆಂಡಿಗೆ 48,000 ಸಲ ಅಲೆಯ ಎತ್ತರವನ್ನು ಅಳೆಯುತ್ತದೆ ಎಂದರ್ಥ. ಮನುಷ್ಯರ ಕಿವಿ ಕೇಳುವ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್. ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಸಲ ಅಳೆದರೆ ಕೇಳುವ ದನಿಯೆಲ್ಲ ಸಿಕ್ಕಿದಂತೆ.

ಕಿಂಡಿಗಳು ಬೇರೆಬೇರೆ ಏಕೆ? ಒಳಗೆ ಬರುವ ಅಲೆಗಳ ಬಲವೇ ಬೇರೆಬೇರೆ. 1966ರಲ್ಲಿ ಬಂದು ಇಂದಿಗೂ ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಮೈಕು ಸಾಕಷ್ಟು ಜೋರು ದನಿಗೂ ಕೊಡುವುದು ಎರಡು ಮಿಲಿವೋಲ್ಟಿನ ಆಸುಪಾಸು. ಕೀಬೋರ್ಡು, ರಿದಂ ಪ್ಯಾಡ್, ಮಿಕ್ಸರುಗಳು ಕೊಡುವುದು ಒಂದು ವೋಲ್ಟಿನ ಆಸುಪಾಸು, ಅಂದರೆ ನೂರಾರು ಪಟ್ಟು ಹೆಚ್ಚು. ಆದ್ದರಿಂದ ಮೈಕಿನ ಕಿಂಡಿಯ ಹಿಂದೆ ಅಲೆಯನ್ನು ಸಾವಿರ ಪಟ್ಟಿನವರೆಗೂ ಹಿಗ್ಗಿಸಬಲ್ಲ ಭಾಗವಿರುತ್ತದೆ. ಕೀಬೋರ್ಡಿನಂಥವುಗಳಿಗಿರುವ ಲೈನ್ ಕಿಂಡಿಯ ಹಿಂದೆ ಅಷ್ಟು ಹಿಗ್ಗಿಸುವ ಅಗತ್ಯವೇ ಇಲ್ಲ.

ಎಡವುವುದು ಇಲ್ಲೇ. ಈಗಿನ ಬಹುತೇಕ ಇಂಟರ್‌ಫೇಸ್‌ಗಳ ಮುಖದಲ್ಲಿ ಎರಡೂ ಕೆಲಸಕ್ಕೆ ಒಂದೇ ದುಂಡನೆಯ ಬಾಯಿ ಇರುತ್ತದೆ. ಸುತ್ತ ಕ್ಯಾನನ್‌ನ ಮೂರು ತೂತು, ನಡುವೆ ಪಿ-38ರ ದೊಡ್ಡ ತೂತು. ನೋಡುವುದಕ್ಕೆ ಒಂದು, ಒಳಗೆ ದಾರಿ ಎರಡು. ಸಾಮಾನ್ಯವಾಗಿ ಸುತ್ತಲಿನದು ಮೈಕಿನ ದಾರಿ, ನಡುವಿನದು ಕೀಬೋರ್ಡು, ಗಿಟಾರುಗಳ ದಾರಿ. ಮೈಕ್‌ಸೆಟ್ಟಿನ ಹಳೆಯ ತಂತಿಯ ಪಿ-38 ತುದಿ ನಡುವಿನ ತೂತಿಗೆ ಚೆನ್ನಾಗಿಯೇ ಕೂರುತ್ತದೆ. ಆದರೆ ಎರಡು ಮಿಲಿವೋಲ್ಟು ಒಂದು ವೋಲ್ಟಿನ ದಾರಿಗೆ ಬಿದ್ದಿರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ಜೋರು ಮಾಡಿದರೆ ದನಿಯ ಜೊತೆ ಸುಯ್ಯೆನ್ನುವ ಸದ್ದೂ ಏಳುತ್ತದೆ. ಎರಡೂ ತುದಿಗೆ ಕ್ಯಾನನ್ ಇರುವ ತಂತಿ ತಂದರೆ ಈ ರೋಗ ಅರೆಕ್ಷಣದಲ್ಲಿ ವಾಸಿ.

ಕ್ಯಾನನ್ ತಂತಿಗೆ ಇನ್ನೊಂದು ಜಾಣತನ ಇದೆ. ಅದರೊಳಗೆ ದನಿ ಹೊರುವ ಎಳೆಗಳು ಎರಡು, ಅವನ್ನು ಸುತ್ತಿದ ಕವಚ ಮೂರನೆಯದು. ಒಂದು ಎಳೆಯಲ್ಲಿ ಅಲೆ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ದಾರಿಯಲ್ಲಿ ಟ್ಯೂಬ್‌ಲೈಟಿನದೋ ಮೋಟರಿನದೋ ಗದ್ದಲ ನುಗ್ಗಿದರೆ ಎರಡೂ ಎಳೆಗಳ ಮೇಲೆ ಒಂದೇ ತೆರನಾಗಿ ಕೂರುತ್ತದೆ. ಪೆಟ್ಟಿಗೆ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಹಾಡು ಉಳಿಯುತ್ತದೆ. ಎಂಟನೇ ತರಗತಿಯ ಬೀಜಗಣಿತ ತಂತಿಯೊಳಗೆ ಕೆಲಸ ಮಾಡುವ ಪರಿ ಇದು!

ಇದೇ ಎಳೆಗಳಲ್ಲಿ ಎದುರು ದಿಕ್ಕಿಗೆ ವಿದ್ಯುತ್ತೂ ಹೋಗಬಲ್ಲದು. ಹೆಚ್ಚಿನ ಕಂಡೆನ್ಸರ್ ಮೈಕುಗಳಿಗೆ 48 ವೋಲ್ಟ್ ಬೇಕು, ಪೆಟ್ಟಿಗೆಯ ಮೇಲಿನ '48ವಿ' ಗುಂಡಿ ಅದಕ್ಕಾಗಿ ಇರುವುದು. ಹಾಡುಗಾರರ ಕೈಯ ಸಾಮಾನ್ಯ ಡೈನಮಿಕ್ ಮೈಕಿಗೆ ಅದು ಬೇಡ. ತಂತಿ ಚುಚ್ಚಿದ ಮೇಲೆ ಗುಂಡಿ ಒತ್ತಬೇಕು, ಕೀಳುವ ಮೊದಲು ಆರಿಸಬೇಕು.

ಗಿಟಾರಿಗೆ ಪ್ರತ್ಯೇಕ 'ಇನ್‌ಸ್ಟ್' ಗುಂಡಿ ಏಕೆಂಬುದು ಕೂಡ್ಲಿಗಿ ಕಡೆಯ ರೈತರಿಗೆ ಬೇಗ ತಿಳಿಯುತ್ತದೆ. ನೀರು ಕಡಿಮೆ ಇರುವ ಬೋರಿಗೆ ದೊಡ್ಡ ವಾಲ್ವನ್ನು ಪೂರ್ತಿ ಬಿಟ್ಟರೆ ಒತ್ತಡವೇ ಬಿದ್ದುಹೋಗುತ್ತದೆ. ಗಿಟಾರಿನ ಪಿಕಪ್ಪು ಅಂಥ ಬೋರು. ಲೈನ್ ಕಿಂಡಿಯ ತಡೆ ಸುಮಾರು ಹತ್ತು ಸಾವಿರ ಓಮ್, ಅದರಲ್ಲಿ ಗಿಟಾರಿನ ದನಿ ಮಂಕಾಗುತ್ತದೆ. 'ಇನ್‌ಸ್ಟ್' ಒತ್ತಿದರೆ ತಡೆ ಹತ್ತು ಲಕ್ಷ ಓಮ್‌ನ ಆಸುಪಾಸಿಗೆ ಏರುತ್ತದೆ, ದನಿಯ ಹೊಳಪು ಮರಳುತ್ತದೆ.

ಚೌಡಿಕೆಗೆ ಪಿಕಪ್ಪೂ ಇಲ್ಲ, ತಂತಿ ಚುಚ್ಚುವ ತೂತೂ ಇಲ್ಲ. ಕೊಳಗದಂಥ ಪೊಳ್ಳು, ಅದಕ್ಕೆ ಬಿಗಿದ ಚರ್ಮ, ಚರ್ಮದಿಂದ ಹೊರಟು ಕೋಲಿನ ತುದಿಗೆ ಎಳೆದು ಕಟ್ಟಿದ ತಂತಿ. ಮೀಟಿದರೆ ತಂತಿ ಚರ್ಮವನ್ನು ಎಳೆಯುತ್ತದೆ, ಚರ್ಮ ಗಾಳಿಯನ್ನು ದೂಡುತ್ತದೆ. ಆದ್ದರಿಂದ ಅದಕ್ಕೆ ಮೈಕೇ ಗತಿ, ಮೈಕಿನ ಕಿಂಡಿಯೇ ದಾರಿ. ಹಾರ್ಮೋನಿಯಂ, ತಾಳಗಳದೂ ಇದೇ ಕಥೆ. ಮೈಕನ್ನು ಚರ್ಮದ ನೇರಕ್ಕಿಟ್ಟರೆ ಗುಡುಗು ಹೆಚ್ಚು, ಮೀಟುವ ಬೆರಳಿನ ಕಡೆ ವಾಲಿಸಿದರೆ ತಂತಿಯ ಝೇಂಕಾರ ಹೆಚ್ಚು. ಒಂದು ಗೇಣು ದೂರದಿಂದ ಶುರುಮಾಡಿ, ಹೆಡ್‌ಫೋನು ಹಾಕಿಕೊಂಡು, ನಾಲ್ಕು ಬೆರಳು ಆಚೀಚೆ ಸರಿಸುತ್ತ ಜಾಗ ಹುಡುಕಬೇಕು. ಇದಕ್ಕೆ ಕಳೆದ ಹತ್ತು ನಿಮಿಷ ಯಾವ ಸಾಫ್ಟ್‌ವೇರಿಗಿಂತಲೂ ದೊಡ್ಡದು.

ಇನ್ನು ಗೇನ್, ಅಂದರೆ ಬಂದ ಅಲೆಯನ್ನು ಎಷ್ಟು ಹಿಗ್ಗಿಸಬೇಕೆಂಬ ಲೆಕ್ಕ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವನ್ನು ನೆನೆಯಿರಿ. ಭರತ ಹುಣ್ಣಿಮೆಯ ಜಾತ್ರೆ, ಲಕ್ಷಾಂತರ ಜನ, ಗೊರವರ ಡಮರುಗ, 'ಏಳುಕೋಟಿ' ಘೋಷ. ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ಅಷ್ಟೂ ಜನ ಸ್ತಬ್ಧ. ಆಮೇಲೆ ಬರುವುದು ಒಂದೇ ಒಂದು ನುಡಿ. ಅದಕ್ಕೆ ಎರಡನೇ ಟೇಕ್ ಇಲ್ಲ. ಮೌನಕ್ಕೆ ಹೊಂದಿಸಿ ಗೇನ್ ಏರಿಸಿದ್ದರೆ ಆ ಕೂಗಿಗೆ ಕೆಂಪು ದೀಪ ಹತ್ತುತ್ತದೆ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ ಎಂಬುದು ಕಲ್ಲಿನ ಚಾವಣಿ, ಅದಕ್ಕೆ ಬಡಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಕೂಡದು. 24 ಬಿಟ್‌ನಲ್ಲಿ ಅಲೆಯ ಎತ್ತರಕ್ಕೆ 1.67 ಕೋಟಿಗೂ ಮಿಕ್ಕಿದ ಮೆಟ್ಟಿಲುಗಳಿರುವುದರಿಂದ ಮೆಲುದನಿಯನ್ನು ಆಮೇಲೆ ಎತ್ತಬಹುದು. ಅದಕ್ಕೇ ಅತಿ ಜೋರಿನ ಕ್ಷಣವೂ ಮೈನಸ್ 12ರ ಹತ್ತಿರ ನಿಲ್ಲುವಂತೆ ಗೇನ್ ಇಡುವುದು ಕ್ಷೇಮ. ಅದು ಚಾವಣಿಯ ಕಾಲು ಭಾಗದ ಎತ್ತರ.

ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿದರೆ ತಾಳ ತಪ್ಪುತ್ತದೆ. ಪೆಟ್ಟಿಗೆಯಲ್ಲಿ 'ಡೈರೆಕ್ಟ್' ಗುಂಡಿ ಇದ್ದರೆ ಒತ್ತಿ, ದನಿ ಕಂಪ್ಯೂಟರಿಗೆ ಹೋಗಿ ಸುತ್ತಿ ಬರದೆ ನೇರ ಕಿವಿಗೆ ಬೀಳುತ್ತದೆ.

ಕೊನೆಗೆ ಕರೆಂಟಿನ ಮಾತು. ಕೀಬೋರ್ಡು ಒಂದು ಪ್ಲಗ್ಗಿನಲ್ಲಿ, ಲ್ಯಾಪ್‌ಟಾಪು ಇನ್ನೊಂದರಲ್ಲಿ ಇದ್ದರೆ 50 ಹರ್ಟ್ಸ್‌ನ ಗುಂಯ್ ಸದ್ದು ಸೇರುವುದುಂಟು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಇಲ್ಲವೇ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ. ಸದ್ದು ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ನು ಮುರಿಯುವುದು ಜೀವಕ್ಕೇ ಅಪಾಯ. ಈ ಕಡೆಯ ಒಣ ಕಲ್ಲುನೆಲದಲ್ಲಿ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನೂ ಮರೆಯಬಾರದು.

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ಗಂಟೆ ಹಾಡು ಸುಮಾರು 518 ಎಂಬಿ ಆಗುತ್ತದೆ. 64 ಜಿಬಿಯ ಪೆನ್‌ಡ್ರೈವಿನಲ್ಲಿ ಅಂಥ ನೂರಕ್ಕೂ ಹೆಚ್ಚು ಗಂಟೆ ಹಿಡಿಸುತ್ತದೆ. ಊರಿನಲ್ಲಿ ಚೌಡಿಕೆ ಪದ ಬಲ್ಲ ಅಜ್ಜಿಯಿದ್ದರೆ ಈ ಸುಗ್ಗಿ ಮುಗಿದ ಕೂಡಲೇ ಹೋಗಿ ಕೂರಿಸಿ ಹಾಡಿಸಿಕೊಳ್ಳಿ. ಫೈಲಿನ ಜೊತೆ ಹಾಡಿದವರ ಹೆಸರು, ಊರು, ದಿನ ಬರೆದಿಡಿ. ಹೋಗುವಾಗ ಎರಡೂ ತುದಿಗೆ ಕ್ಯಾನನ್ ಇರುವ ತಂತಿ ಒಯ್ಯಿರಿ.