ಕಮಠನ ಮಳೆಯೂ ಕವಿಯ ಕರ್ತವ್ಯವೂ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನನ್ನು ಕಂಡು ಹಿಂದಿರುಗುವುದೇ ವಾಡಿಕೆ. ಸಮೀಪದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯೂ ನೋಡತಕ್ಕದ್ದು. ೧೧೩೩ರಲ್ಲಿ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದ ಈ ಬಸದಿಯಲ್ಲಿ ಜಿನನು ನಾಗನ ಹೆಡೆಯಡಿಯಲ್ಲಿ ನಿಂತಿರುವನು. ತಾಪಸನೊಬ್ಬನು ಬೆಂಕಿಗಿಟ್ಟ ಕೊರಡಿನೊಳಗೆ ಹಾವುಗಳಿವೆಯೆಂದು ರಾಜಕುಮಾರ ಪಾರ್ಶ್ವನು ತೋರಿಸಿದನು. ಆ ಜೀವಿಗಳೇ ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿ, ವೈರಿಯಾದ ಕಮಠನು ಸುರಿಸಿದ ಘೋರವೃಷ್ಟಿಯಲ್ಲಿ ಆತನಿಗೆ ಕೊಡೆಯಾದರು. ಕಥೆ ಪ್ರಸಿದ್ಧವಾದುದು.

ನಮ್ಮ ಕಾಲದಲ್ಲಿಯೂ ಆಕಾಶದಿಂದ ಅಂತಹುದೇ ಮಳೆ ಬಿದ್ದಿತು. ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಸರ್ಕಾರಿ ತೋಟಗಾರಿಕಾ ನಿಗಮವು ೧೯೭೦ರ ದಶಕದ ಉತ್ತರಾರ್ಧದಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟಗಳು ಗುಡ್ಡದ ಮೇಲೆ. ಜನರ ಬಾವಿ, ಹಳ್ಳ, ಸುರಂಗದ ನೀರು ತಪ್ಪಲಿನಲ್ಲಿ. ಕನ್ನಡ ತುಳು ನುಡಿಯುವ ಎಣ್ಮಕಜೆಯ ಕಡೆ ಜೇನು ಮೀನುಗಳು ಸತ್ತವು. ಕರುಗಳೂ ಮಕ್ಕಳೂ ಅಂಗವಿಕಲರಾಗಿ ಹುಟ್ಟಿದರು. ಅಲ್ಲಿಯ ಒಂದು ಊರಿನ ಹೆಸರು ಸ್ವರ್ಗ! ಪತ್ರಕರ್ತ ಶ್ರೀ ಪಡ್ರೆಯವರೂ ವೈದ್ಯ ಮೋಹನಕುಮಾರರೂ ಇದನ್ನು ಲೋಕಕ್ಕೆ ಅರುಹಿದರು. ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಆ ವಿಷವನ್ನು ನಿಷೇಧಿಸಿತು. ೨೦೧೭ರಲ್ಲಿ ಪೀಡಿತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿತು.

ಇಂತಹ ಅನಾಹುತವನ್ನು ಹಾಡುವ ಕವಿಗೆ ಪುರಾಣವು ಬೇಕೇ? ಬೇಕು, ಆದರೆ ಎಚ್ಚರವೂ ಬೇಕು. ಹುಟ್ಟುರೋಗವನ್ನು ದೈವದ ಮುನಿಸೆಂದು ನಂಬಿ ಹರಕೆ ಹೊತ್ತವರುಂಟು. ಕಾವ್ಯವೂ ಹಾಗೆಯೇ ನುಡಿದರೆ ವಿಷವೆರಚಿದ ಕೈ ಮರೆಯಾಗುವುದು. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದ ವಿಷವಾಯುವಿಗೆ ಸಿಕ್ಕಿ ಸತ್ತವರನ್ನು ನೀಲಕಂಠರೆಂದು ಕೊಂಡಾಡುವುದು ಸುಲಭ. ಆದರೆ ಶಿವನು ಹಾಲಾಹಲವನ್ನು ತಾನಾಗಿ ಕುಡಿದನು. ಭೋಪಾಲದ ಬಡವರಿಗೆ ನಿದ್ರೆಯಲ್ಲಿ ಕುಡಿಸಲಾಯಿತು. ಬಲಾತ್ಕಾರವನ್ನು ತ್ಯಾಗವೆಂದು ಕರೆಯುವ ಉಪಮೆಯು ಅಲಂಕಾರವಲ್ಲ, ಅಪಚಾರ.

ಬೇಂದ್ರೆಯವರು 'ಕುರುಡು ಕಾಂಚಾಣ'ದಲ್ಲಿ ಬೇರೆ ದಾರಿ ತೋರಿದರು. ಹಣವನ್ನೇ ಕುಣಿಯುವ ದೇವತೆಯಾಗಿಸಿ, ಯಾರು ಯಾರ ಕಾಲಡಿಯಲ್ಲಿ ಬಿದ್ದಿರುವರೆಂಬುದನ್ನು ಕಾಣಿಸಿದರು. ಅಲ್ಲಿ ಪುರಾಣದ ರೂಪವು ಅರ್ಥವ್ಯವಸ್ಥೆಯನ್ನು ಮುಚ್ಚಲಿಲ್ಲ, ಬಯಲಿಗೆಳೆಯಿತು.

ಬಸ್ತಿಹಳ್ಳಿಯ ಕಥೆಯ ಸಾರವೂ ಇದೇ. ಪಾರ್ಶ್ವನು ಕೊರಡನ್ನು ಬರಿಯ ಸೌದೆಯೆಂದು ಬಗೆಯಲಿಲ್ಲ. ಒಳಗಿನ ಜೀವವನ್ನು ಕಂಡನು, ಬೆಂಕಿಯಿಟ್ಟವನಿಗೆ ಮುಖಾಮುಖಿ ಹೇಳಿದನು. ಗುಡ್ಡವನ್ನು ಬರಿಯ ಗೇರುಬೆಳೆಯೆಂದು ಕಾಗದದಲ್ಲಿ ಕಂಡವರಿಗೆ ಕೆಳಗಿನ ನೀರು ಕಾಣಲಿಲ್ಲ. ಕವಿಗೂ ಅಧಿಕಾರಿಗೂ ಇಲ್ಲಿ ಕರ್ತವ್ಯವೊಂದೇ: ಬೆಂಕಿಗಿಡುವ ಮುನ್ನ ಕೊರಡನ್ನು ಸೀಳಿ ನೋಡುವುದು. ಹೆಡೆಯ ಕೊಡೆಯು ಎಲ್ಲರ ತಲೆಯ ಮೇಲೆ ಬಿಚ್ಚಿಕೊಳ್ಳುವುದಿಲ್ಲ.