‘ಊಟ ಆಯ್ತಾ?’ ಆದ ಮೇಲೆ ಇನ್ನೊಂದು ಪ್ರಶ್ನೆ



ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ನಿಮ್ಮ ಹಾಗೆಯೇ ದುಡಿಯಲು ಬಂದವನು. ಸಂಘದಲ್ಲಿ ಕುರ್ಚಿ ಜೋಡಿಸಿ, ಊಟ ಬಡಿಸಿದವನು. ಆತ್ಮಹತ್ಯೆ ತಡೆಯುವ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಒಂದೇ: ಒಮ್ಮೆ ನಾನು ಕೇಳಬೇಕಾದ್ದನ್ನು ಕೇಳದೆ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಸಿಡ್ನಿಯಲ್ಲಿ ಯುಗಾದಿ ಊಟ. ನನ್ನ ಪಕ್ಕದಲ್ಲಿ ಬಡಿಸುತ್ತಿದ್ದ ಹುಡುಗನಿಗೆ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ‘ಹೇಗಿದ್ದೀಯಪ್ಪಾ?’ ಎಂದೆ. ‘ಪರವಾಗಿಲ್ಲ ಅಣ್ಣ, ನಡೀತಾ ಇದೆ’ ಎಂದ. ನಾನು ಸಾರಿನ ಪಾತ್ರೆ ಎತ್ತಿಕೊಂಡು ಮುಂದಕ್ಕೆ ಹೋದೆ. ಅದೇ ವಾರ ಅವನು ಆಸ್ಪತ್ರೆ ಸೇರಿದ. ಪುಣ್ಯಕ್ಕೆ ಉಳಿದ. ಇಂದು ಚೆನ್ನಾಗಿದ್ದಾನೆ, ಹೆಸರು ಹೇಳದೆ ಈ ವಿಷಯ ಹೇಳಲು ಅವನೇ ಒಪ್ಪಿದ್ದಾನೆ. ಆಮೇಲೆ ಅವನು ನನಗೆ ಹೇಳಿದ್ದಿಷ್ಟು: ‘ನೀವು ಇನ್ನೊಂದು ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ ಅಣ್ಣ.’

ಆ ‘ಇನ್ನೊಂದು ಸಲ’ದ ಬಗ್ಗೆಯೇ ಇವತ್ತಿನ ನನ್ನ ಮಾತು.

ನಾವಿರುವ ಈ ದೇಶದಲ್ಲಿ ಈ ಕೆಲಸವನ್ನು ಕಟ್ಟಿದವರಲ್ಲಿ ಸಾಮಾನ್ಯ ಜನರೇ ಬಹಳ. ಸಿಡ್ನಿಯ ಪಾದ್ರಿ ಅಲನ್ ವಾಕರ್ ಅವರಿಗೆ ನೊಂದ ವ್ಯಕ್ತಿಯೊಬ್ಬ ಫೋನ್ ಮಾಡಿದ್ದ. ಮೂರು ದಿನಗಳಲ್ಲಿ ಆತ ತೀರಿಕೊಂಡ. ಆ ನೋವಿನಿಂದ 1963ರಲ್ಲಿ ಹುಟ್ಟಿದ್ದೇ ಲೈಫ್‌ಲೈನ್. ಇಂದಿಗೂ ಅಲ್ಲಿ ಫೋನ್ ಎತ್ತುವವರಲ್ಲಿ ಅನೇಕರು ತರಬೇತಿ ಪಡೆದ ಸ್ವಯಂಸೇವಕರು. ಸಿಡ್ನಿಯ ವಾಟ್ಸನ್ಸ್ ಬೇಯಲ್ಲಿದ್ದ ಡಾನ್ ರಿಚಿ ವಿಮೆ ಮಾರುತ್ತಿದ್ದವರು. ತಮ್ಮ ಮನೆಯೆದುರು ಸಂಕಟದಲ್ಲಿ ನಿಂತವರ ಹತ್ತಿರ ಹೋಗಿ ಮಾತಾಡಿಸಿ, ಮನೆಗೆ ಕರೆದು ಚಹಾ ಕೊಡುತ್ತಿದ್ದರು. 2012ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕನಿಷ್ಠ 160 ಜೀವ ಉಳಿಸಿದ್ದರು ಎಂಬುದು ಲೆಕ್ಕ. ತಂದೆಯನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ಗ್ಯಾವಿನ್ ಲಾರ್ಕಿನ್ 2009ರಲ್ಲಿ ‘ಆರ್ ಯು ಓಕೆ’ ದಿನವನ್ನು ಆರಂಭಿಸಿದರು. ಅದು ಹೇಳಿಕೊಡುವುದು ನಾಲ್ಕೇ ಹೆಜ್ಜೆ: ಕೇಳು, ಆಲಿಸು, ನೆರವಿನ ಕಡೆ ಹೆಜ್ಜೆ ಇಡುವಂತೆ ಹುರಿದುಂಬಿಸು, ಮತ್ತೆ ವಿಚಾರಿಸು.

ಮೊದಲ ಹೆಜ್ಜೆಯಲ್ಲೇ ನಾವು ಕನ್ನಡಿಗರು ಎಡವುತ್ತೇವೆ. ‘ಊಟ ಆಯ್ತಾ?’ ಎಂದು ಕೇಳುವುದರಲ್ಲಿ ಪ್ರೀತಿ ಇದೆ, ನಿಜ. ಆದರೆ ಅದಕ್ಕೆ ‘ಆಯ್ತು’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದ್ದರಿಂದ ಎರಡನೇ ಪ್ರಶ್ನೆ ಬೇಕು: ‘ನಿದ್ದೆ ಬರ್ತಾ ಇದೆಯಾ? ಇತ್ತೀಚೆಗೆ ಯಾಕೋ ಮಂಕಾಗಿದ್ದೀಯ.’ ಅನುಮಾನ ಬಂದರೆ ಮೂರನೆಯದನ್ನೂ ನೇರವಾಗಿಯೇ ಕೇಳಬೇಕು: ‘ಬದುಕೋದೇ ಬೇಡ, ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಬಾಯಿಗೆ ಬರುವುದು ಕಷ್ಟ. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ನಮ್ಮಲ್ಲಿದೆ. ಸಂಶೋಧನೆಗಳು ಅದನ್ನು ಒಪ್ಪುವುದಿಲ್ಲ. ಕೇಳಿದಾಗ ಹೊತ್ತವನ ಭಾರ ಇಳಿಯುವುದೇ ಹೆಚ್ಚು.

‘ಹೌದು’ ಎಂಬ ಉತ್ತರ ಬಂದರೆ ಉಪದೇಶ ಬೇಡ. ‘ಅಪ್ಪ-ಅಮ್ಮನ ನೆನಪು ಮಾಡ್ಕೋ’, ‘ನಿನಗೇನು ಕಡಿಮೆ?’ ಎಂಬ ಮಾತುಗಳು ತಪ್ಪಿತಸ್ಥ ಭಾವವನ್ನು ಹೆಚ್ಚಿಸುತ್ತವೆ. ಕೂತು ಕೇಳಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಅಪಾಯ ತರುವ ವಸ್ತುಗಳಿದ್ದರೆ ದೂರವಿಡಿ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 000ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಪಕ್ಕದಲ್ಲೇ ಕೂತು ಇಬ್ಬರೂ ಸೇರಿ ಲೈಫ್‌ಲೈನ್‌ಗೆ, ಅಂದರೆ 13 11 14ಕ್ಕೆ ಕರೆ ಮಾಡಿ. ಹಗಲು-ರಾತ್ರಿ ಯಾವಾಗಲಾದರೂ ಸರಿ. ಹೆಸರು ಹೇಳಬೇಕಿಲ್ಲ, ವೀಸಾ ಯಾವುದೆಂದೂ ಹೇಳಬೇಕಿಲ್ಲ. ಇಂಗ್ಲಿಷ್‌ನಲ್ಲಿ ಮನಸ್ಸು ಬಿಚ್ಚಲು ಆಗದಿದ್ದರೆ 131 450ಕ್ಕೆ ಕರೆ ಮಾಡಿ, ಕನ್ನಡ ದುಭಾಷಿಯನ್ನು ಕೇಳಿ, ಲೈಫ್‌ಲೈನ್‌ಗೆ ಜೋಡಿಸಲು ಹೇಳಿ.

ಮುಂದಿನ ದಾರಿ ಜಿಪಿಯದು. ಮೆಡಿಕೇರ್ ಇದ್ದವರಿಗೆ ಜಿಪಿ ಮಾನಸಿಕ ಆರೋಗ್ಯ ಚಿಕಿತ್ಸಾ ಯೋಜನೆ ಬರೆದುಕೊಟ್ಟರೆ ವರ್ಷಕ್ಕೆ 10 ಭೇಟಿಗಳವರೆಗೆ ರಿಯಾಯಿತಿ ಸಿಗುತ್ತದೆ. ತಾತ್ಕಾಲಿಕ ವೀಸಾದಲ್ಲಿ ಮೆಡಿಕೇರ್ ಇಲ್ಲದವರು ತಮ್ಮ ವಿಮೆಯಲ್ಲಿ ಏನಿದೆ ಎಂದು ಇವತ್ತೇ ನೋಡಿಕೊಳ್ಳಿ. ಅನೇಕ ಕಂಪನಿಗಳು ನೌಕರರಿಗೆ ಉಚಿತ, ಗೋಪ್ಯ ಕೌನ್ಸೆಲಿಂಗ್ ಕೊಡುತ್ತವೆ, ಎಚ್‌ಆರ್‌ನಲ್ಲಿ ವಿಚಾರಿಸಿ. ಊರಿನಲ್ಲಿರುವ ನಿಮ್ಮವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ದುಡಿಯುವವರ ಜೊತೆ ಬಂದು ಮನೆಯಲ್ಲೇ ಉಳಿದವರನ್ನೂ ಮರೆಯಬಾರದು. ಮೆಲ್ಬರ್ನ್‌ನ ಉತ್ತರದ ವಿಟಲ್ಸೀ ಪ್ರದೇಶದಲ್ಲಿ ದಕ್ಷಿಣ ಏಷ್ಯಾ ಮೂಲದ ಹಲವು ಮಹಿಳೆಯರ ಸಾವುಗಳು ಕೆಲವು ವರ್ಷಗಳ ಹಿಂದೆ ಕೊರೋನರ್ ಕೋರ್ಟಿನ ಮುಂದೆ ಬಂದವು. ಆಗ ಎದ್ದ ಚರ್ಚೆಯಲ್ಲಿ ಒಂಟಿತನ, ಮನೆಯೊಳಗಿನ ಹಿಂಸೆಯ ಮಾತುಗಳೇ ಮುಖ್ಯವಾಗಿದ್ದವು. ಮನೆಯಲ್ಲಿ ಹಿಂಸೆ ಇದ್ದರೆ 1800 737 732 ಸಂಖ್ಯೆ ಇದೆ. ಆದರೆ ಆ ಸಂಖ್ಯೆಯನ್ನು ಅವರ ಕೈಗೆ ಮುಟ್ಟಿಸಲು ಒಬ್ಬ ಗೆಳತಿಯಾದರೂ ಬೇಕು. ಸಂಘಗಳು ಇರುವುದು ಅದಕ್ಕೇ ಅಲ್ಲವೇ?

ನಮ್ಮ ಸಂಘಗಳಲ್ಲಿ ನನ್ನ ಬೇಡಿಕೆ ಮೂರು. ಪ್ರತಿ ಸಮಿತಿಯಿಂದ ಇಬ್ಬರಾದರೂ ‘ಮೆಂಟಲ್ ಹೆಲ್ತ್ ಫಸ್ಟ್ ಏಡ್’ ತರಬೇತಿ ಪಡೆಯಲಿ. 2000ರಲ್ಲಿ ಆಸ್ಟ್ರೇಲಿಯಾದಲ್ಲೇ ಹುಟ್ಟಿದ ತರಬೇತಿ ಅದು. ರಾಜ್ಯೋತ್ಸವದ ಕರಪತ್ರದ ಹಿಂಬದಿಯಲ್ಲಿ ಈ ಸಂಖ್ಯೆಗಳು ಅಚ್ಚಾಗಲಿ. ಹೊಸದಾಗಿ ಬಂದವರು, ಕೆಲಸ ಕಳೆದುಕೊಂಡವರು, ಊರಿನಲ್ಲಿ ಸಾವಾದರೂ ಹೋಗಲಾಗದವರು, ಇಂಥವರಿಗೆ ಒಂದು ಫೋನ್, ಹದಿನೈದು ದಿನ ಬಿಟ್ಟು ಇನ್ನೊಂದು ಫೋನ್ ಹೋಗಲಿ. ಕೇಳಿದ್ದು ಗುಟ್ಟಾಗಿರಲಿ, ವಾಟ್ಸಾಪ್ ಗುಂಪಿಗೆ ಹೋಗದಿರಲಿ. ಆದರೆ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಗುಟ್ಟು ಕಾಯಬೇಡಿ, ನೆರವು ಕರೆಯಿರಿ.

ಸ್ವಲ್ಪ ಹೊತ್ತಿನಲ್ಲಿ ಊಟಕ್ಕೆ ಏಳುತ್ತೇವೆ. ಪಕ್ಕದವರು ‘ಪರವಾಗಿಲ್ಲ’ ಎಂದರೆ, ದಯವಿಟ್ಟು ಪಾತ್ರೆಯನ್ನು ಕೆಳಗಿಟ್ಟು ಇನ್ನೊಂದು ಸಲ ಕೇಳಿ. ಈ ಸಭೆಯಲ್ಲೇ ಆ ಭಾರ ಹೊತ್ತು ಕೂತವರು ಯಾರಾದರೂ ಇದ್ದರೆ, ನೀವು ಯಾರಿಗೂ ಹೊರೆಯಲ್ಲ. ನಾನು ಬಾಗಿಲ ಹತ್ತಿರವೇ ಇರುತ್ತೇನೆ, ಬನ್ನಿ, ಮಾತಾಡೋಣ.