ತೆನೆ ಹಬ್ಬದ ಊಟಕ್ಕೆ ಬಾರದ ಮಕ್ಕಳು

ಪ್ರತಿವರ್ಷ ಸೆಪ್ಟೆಂಬರ್ 8ರಂದು, ಕನ್ಯಾ ಮರಿಯಮ್ಮನವರ ಜನ್ಮದಿನದಂದು, ಕರಾವಳಿಯ ಕಥೋಲಿಕ ಕುಟುಂಬಗಳು ಮೊಂತಿ ಹಬ್ಬವನ್ನು ಆಚರಿಸುತ್ತವೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು ವಾಡಿಕೆ. ಮುಂಬೈಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ಪದ್ಧತಿಯೂ ಉಂಟು. ಆದರೆ ನಮ್ಮ ಕೆಲವು ಮನೆಗಳಲ್ಲಿ, ಯಾವ ಲಕೋಟೆಯೂ ತಲುಪದ ಒಬ್ಬ ಮಗನೋ ಮಗಳೋ ಇರುತ್ತಾರೆ. ಅವರ ಹೆಸರನ್ನು ಊಟದ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ.

ಈ ಮೌನದಲ್ಲಿ ನನ್ನ ಪಾಲೂ ಇದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾನಿನ್ನೂ ಸರ್ಕಾರಿ ಸೇವೆಯಲ್ಲಿದ್ದಾಗ, ಬಾಲ್ಯದ ಗೆಳೆಯರೊಬ್ಬರು ಮನೆಗೆ ಬಂದರು. ಹಿರಿಯ ಮಗನಿಗೆ ಮದುವೆ ಬೇಡವಂತೆ, ಆತನ ಒಲವು ಗಂಡಸರತ್ತಲೇ ಅಂತೆ ಎಂದು ತಲೆತಗ್ಗಿಸಿ ಹೇಳಿದರು. ದಿನದ ಕಡತವೊಂದನ್ನು ವಿಲೇವಾರಿ ಮಾಡುವಷ್ಟೇ ಸಲೀಸಾಗಿ, ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ’ ಎಂದುಬಿಟ್ಟೆ. ರೋಸ್ ಶಾಸ್ತ್ರಕ್ಕೂ ಹೋಗಿ, ಆ ಹುಡುಗನಿಗೆ ತೆಂಗಿನ ಹಾಲು ಹಚ್ಚಿ ಹರಸಿ ಬಂದೆ. ಎರಡು ವರ್ಷ ತುಂಬುವ ಮೊದಲೇ ಸೊಸೆ ತವರಿಗೆ ಮರಳಿದಳು. ಮಗ ಊರು ಬಿಟ್ಟ. ಗೆಳೆಯರು ತೀರಿಕೊಂಡಾಗ ಆತ ಅಂತ್ಯಕ್ರಿಯೆಗೂ ಬರಲಿಲ್ಲ. ಬರಬೇಡವೆಂದು ಮನೆಯವರೇ ಹೇಳಿದ್ದರೆಂದು ಆಮೇಲೆ ತಿಳಿಯಿತು.

ನಾನು ಆ ಸಲಹೆ ನೀಡಿದ ಕಾಲದಲ್ಲಿ ಕಾನೂನೂ ನನ್ನ ಪಕ್ಷದಲ್ಲಿಯೇ ಇತ್ತು. 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧವೆಂದು ಪರಿಗಣಿಸಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ತಪ್ಪನ್ನು ಸರಿಪಡಿಸಿತು. ದೆಹಲಿ ತೀರ್ಪನ್ನು ಪ್ರಶ್ನಿಸಿದವರಲ್ಲಿ ಕೆಲವು ಕ್ರೈಸ್ತ ಸಂಘಟನೆಗಳೂ ಇದ್ದವು ಎಂಬುದನ್ನು ಮರೆಮಾಚಬೇಕಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತಾದರೂ, ಸಲಿಂಗಿಗಳು ಅಪರಾಧಿಗಳಲ್ಲ ಎಂಬ ನಿಲುವು ಅಚಲವಾಗಿಯೇ ಉಳಿದಿದೆ.

ಹಾಗಾದರೆ ನಮ್ಮ ಧರ್ಮಸಭೆ ಏನು ಹೇಳುತ್ತದೆ? ಸಲಿಂಗ ಲೈಂಗಿಕ ಕ್ರಿಯೆಯನ್ನು ಅದು ಒಪ್ಪುವುದಿಲ್ಲ. ವಿವಾಹವು ಗಂಡು–ಹೆಣ್ಣಿನ ನಡುವಿನದೆಂದೇ ಬೋಧಿಸುತ್ತದೆ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ 2358ನೆಯ ಪರಿಚ್ಛೇದದಲ್ಲಿ, ಇಂಥವರನ್ನು ಗೌರವ ಮತ್ತು ಸಹಾನುಭೂತಿಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯ ಸಲ್ಲದು ಎಂದು ವಿಧಿಸಿದೆ. 2013ರ ತೀರ್ಪು ಬಂದಾಗ, ಭಾರತದ ಕಥೋಲಿಕ ಬಿಷಪರ ಮಂಡಳಿಯ ಅಧ್ಯಕ್ಷರಾಗಿದ್ದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರು, ಸಲಿಂಗಿಗಳನ್ನು ಧರ್ಮಸಭೆ ಎಂದೂ ಅಪರಾಧಿಗಳೆಂದು ಎಣಿಸಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. 2023ರ ಡಿಸೆಂಬರ್‌ನಲ್ಲಿ, ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, ವಿವಾಹವಿಧಿಯೆಂಬ ತಪ್ಪುಗ್ರಹಿಕೆಗೆ ಎಡೆಯಾಗದಂತೆ ಸಲಿಂಗ ಜೋಡಿಗಳಿಗೂ ಗುರುಗಳು ಆಶೀರ್ವಾದ ನೀಡಬಹುದೆಂದು ವ್ಯಾಟಿಕನ್ ತಿಳಿಸಿತು. ನಾನು ಕಂಡಂತೆ, ಇವು ಪೀಠದಿಂದ ಪ್ರವಚನವಾಗಿ ಭಕ್ತರ ಕಿವಿಗೆ ತಲುಪಿದ್ದು ವಿರಳ. ಮನೆಯಿಂದ ಮಗನನ್ನು ಹೊರಹಾಕುವ ತಂದೆ ಅನುಸರಿಸುತ್ತಿರುವುದು ಧರ್ಮದ ಆಜ್ಞೆಯನ್ನಲ್ಲ, ನೆರೆಹೊರೆಯವರ ಬಾಯಿಯ ಭಯವನ್ನು.

ಮದುವೆಯೇ ಮದ್ದು ಎಂಬ ನನ್ನ ಸಲಹೆಯನ್ನಂತೂ ಧರ್ಮಸಭೆಯ ಕಾನೂನು ಸಹ ಎತ್ತಿಹಿಡಿಯುವುದಿಲ್ಲ. 1983ರ ಕ್ಯಾನನ್ ಸಂಹಿತೆಯ 1095ನೆಯ ವಿಧಿಯ ಪ್ರಕಾರ, ದಾಂಪತ್ಯದ ಮೂಲ ಹೊಣೆಗಳನ್ನು ಮಾನಸಿಕ ಸ್ವರೂಪದ ಕಾರಣಗಳಿಂದ ನಿರ್ವಹಿಸಲಾಗದವರ ವಿವಾಹ ಸಿಂಧುವಲ್ಲ. ಸಲಿಂಗಾಸಕ್ತಿಯ ಪ್ರಕರಣಗಳನ್ನೂ ಧರ್ಮಸಭೆಯ ನ್ಯಾಯಮಂಡಳಿಗಳು ಈ ವಿಧಿಯಡಿ ಪರಿಗಣಿಸಿವೆ. ಇಂತಹ ರದ್ದತಿಗೆ ಸಿವಿಲ್ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಪುನರುಚ್ಚರಿಸಿದ್ದರಿಂದ, ಮೋಸಹೋದ ಹೆಣ್ಣುಮಗಳು ಎರಡೆರಡು ಕಡೆ ಅಲೆಯಬೇಕು. ಒಂದು ಮನೆಯ ಮರ್ಯಾದೆಯ ಬೆಲೆಯನ್ನು ಮತ್ತೊಂದು ಮನೆಯ ಮಗಳಿಂದ ವಸೂಲು ಮಾಡುವ ಈ ಲೆಕ್ಕ, ಅರ್ಥಶಾಸ್ತ್ರ ಓದಿದ ನನಗೆ ಅಂದೇ ಹೊಳೆಯಬೇಕಿತ್ತು. ‘ಚಿಕಿತ್ಸೆ’ಯ ಮಾತೂ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಅದನ್ನು ಬದಲಿಸುವುದಾಗಿ ಹೇಳಿ ಚಿಕಿತ್ಸೆ ನೀಡುವುದು ವೈದ್ಯರ ವೃತ್ತಿ ದುರ್ನಡತೆಯೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿತು.

ಮನೆಯಿಂದ ಹೊರದೂಡಲ್ಪಟ್ಟವರಿಗೆ ನೆರಳಾಗುವುದು ಮಂಗಳೂರಿನ ಕ್ರೈಸ್ತರಿಗೆ ಹೊಸದೇನಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಪ್ರೊಟೆಸ್ಟೆಂಟ್ ಸಂಸ್ಥೆ, ನನ್ನ ಪಂಗಡದ್ದಲ್ಲ. ಆದರೆ ಅದರ ಚರಿತ್ರೆ ಈ ಊರಿನ ಎಲ್ಲರದ್ದು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಕ್ರೈಸ್ತನಾದಾಗ ಮನೆ, ಜಾತಿಗಳ ನಂಟು ಕಡಿದುಹೋಯಿತು. ಹಾಗೆ ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡವರಿಗೆ ಬರಿಯ ಪ್ರಾರ್ಥನೆ ಸಾಲದೆಂದು ಮಿಷನ್ ಅರಿತು, ಮಗ್ಗಗಳನ್ನು ಹೂಡಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಜಗತ್ತು ಬಲ್ಲ ಮಂಗಳೂರು ಹೆಂಚಿನ ಉದ್ಯಮದ ಹಿಂದೆ, ಬಂಧುಗಳು ಬೇಡವೆಂದವರಿಗೆ ಅನ್ನದ ದಾರಿ ತೋರುವ ಕಾಳಜಿಯೂ ಇತ್ತು. ಇಂದು ನಾವೇ ನಮ್ಮ ಮಕ್ಕಳನ್ನು ಬೇಡವೆನ್ನುತ್ತಿದ್ದೇವೆ.

2008ರ ಸೆಪ್ಟೆಂಬರ್‌ನಲ್ಲಿ ನಗರದ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ನಾವು ಮೊರೆಹೊಕ್ಕಿದ್ದು ಸಂವಿಧಾನವನ್ನು. ಸಂಖ್ಯೆಯಲ್ಲಿ ಕಡಿಮೆ ಇರುವವರ ಘನತೆ ಬಹುಸಂಖ್ಯಾತರ ಮರ್ಜಿಗೆ ಬಿಟ್ಟದ್ದಲ್ಲ ಎಂದು ವಾದಿಸಿದೆವು. 2018ರ ತೀರ್ಪಿನ ತಿರುಳೂ ಅದೇ. ಹೊರಗಿನವರ ಮುಂದೆ ಆಡಿದ ಮಾತನ್ನು ಮನೆಯೊಳಗೆ ಮರೆಯುವುದು ನ್ಯಾಯವೇ?

ಧರ್ಮಸಭೆ ತನ್ನ ವಿವಾಹದ ಬೋಧನೆಯನ್ನು ನಾಳೆಯೇ ಬದಲಿಸಲಿ ಎಂದು ನಾನು ಕೇಳುತ್ತಿಲ್ಲ. ಆ ಚರ್ಚೆ ದೀರ್ಘವಾದುದು, ನಡೆಯಲಿ. ಇಂದೇ ಆಗಬಹುದಾದವು ಮೂರಿವೆ. ಒಂದು, ಧರ್ಮೋಪದೇಶದ ಆ ಪರಿಚ್ಛೇದವನ್ನು ವರ್ಷಕ್ಕೊಮ್ಮೆಯಾದರೂ ಬಲಿಪೂಜೆಯ ಪ್ರವಚನದಲ್ಲಿ ವಿವರಿಸುವುದು. ಎರಡು, ವಿವಾಹಪೂರ್ವ ತರಬೇತಿಯಲ್ಲಿ, ಒಲವಿಲ್ಲದ ಮದುವೆಗೆ ಮಕ್ಕಳನ್ನು ದೂಡುವುದು ಪಾಪವೆಂದು ಹೆತ್ತವರಿಗೆ ಸ್ಪಷ್ಟವಾಗಿ ತಿಳಿಸುವುದು. ಮೂರು, ಇಂತಹ ಮಕ್ಕಳ ತಂದೆತಾಯಿಯರು ನಾಚಿಕೆಯಿಲ್ಲದೆ ಮಾತನಾಡಲು ಪ್ರತಿ ಧರ್ಮಕೇಂದ್ರದಲ್ಲೂ ನಂಬಿಕಸ್ಥರೊಬ್ಬರು ಇರುವುದು. ಇವುಗಳಿಗೆ ರೋಮ್‌ನ ಅಪ್ಪಣೆ ಬೇಕಿಲ್ಲ.

ಕಳೆದ ಮೊಂತಿ ಹಬ್ಬದ ಮರುದಿನ ನಾನು ಗೆಳೆಯರ ಪತ್ನಿಯಿಂದ ಮಗನ ವಿಳಾಸ ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ, ಪ್ರಾರ್ಥನಾ ಪುಸ್ತಕದ ನಡುವಿನಿಂದ ಮಡಿಸಿದ ಚೀಟಿಯೊಂದನ್ನು ತಂದುಕೊಟ್ಟರು. ನಾಲ್ಕು ಕಾಳುಗಳ ಜೊತೆಗೆ ಕ್ಷಮೆ ಕೋರಿ ಪತ್ರ ಬರೆದೆ. ಉತ್ತರ ಇನ್ನೂ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಆದರೆ ಈ ವರ್ಷದ ಲಕೋಟೆಯ ಮೇಲೆ ವಿಳಾಸ ಬರೆಯುವುದು ತಾನೇ ಎಂದು ಆ ತಾಯಿ ಹೇಳಿದ್ದಾರೆ.